ಸಡಿಲಿಸಿದ ಬ್ರೇಕು ರಿಪೇರಿಯಾದ ಬ್ರೇಕಲ್ಲ

ಹಳೆಯ ಟ್ರ್ಯಾಕ್ಟರಿನ ಬ್ರೇಕ್ ಹಿಡಿದುಕೊಂಡರೆ ಐದು ನಿಮಿಷದ ಮದ್ದೊಂದು ಎಲ್ಲರಿಗೂ ಗೊತ್ತು. ಪೆಡಲಿನಿಂದ ಬ್ರೇಕಿಗೆ ಹೋಗುವ ರಾಡಿನ ನಟ್ಟನ್ನು ಮೂರು ನಾಲ್ಕು ಸುತ್ತು ಬಿಟ್ಟರಾಯಿತು. ಚಕ್ರ ಸಲೀಸಾಗಿ ತಿರುಗುತ್ತದೆ, ಸುಟ್ಟ ವಾಸನೆ ನಿಲ್ಲುತ್ತದೆ, ಎಂಜಿನ್ ತಿಣುಕುವುದಿಲ್ಲ. ಟ್ರ್ಯಾಕ್ಟರು ಆ ಗಳಿಗೆಯಲ್ಲೇ ಮುಂದಿನ ಟ್ರಿಪ್ಪಿಗೆ ಹೊರಡುತ್ತದೆ. ಮಾಲೀಕನಿಗೆ ಬಾಡಿಗೆ ತಪ್ಪಲಿಲ್ಲ, ಮಿಸ್ತ್ರಿಗೆ ಹೌಸಿಂಗ್ ಬಿಚ್ಚುವ ಕಷ್ಟ ಬರಲಿಲ್ಲ, ಚಾಲಕನಿಗೆ ಬೈಗುಳ ಬೀಳಲಿಲ್ಲ. ಮೂವರೂ ಖುಷಿ.

ಈ ಖುಷಿಯ ಲೆಕ್ಕದಲ್ಲಿ ಬಿಟ್ಟುಹೋದವರು ರಸ್ತೆಯಲ್ಲಿದ್ದಾರೆ. ಕಲ್ಯಾಣ–ಶೀಳ್ ರಸ್ತೆಯಲ್ಲಿ ಆಟೋಗಾಗಿ ಕಾಯುವವರು, ಡೊಂಬಿವಲಿ ಸ್ಟೇಷನ್ನಿನ ಹೊರಗೆ ರಸ್ತೆ ದಾಟುವವರು, ಠಾಣೆಯ ಘೋಡ್‌ಬಂದರ್ ರಸ್ತೆಯಲ್ಲಿ ಸ್ಕೂಟರಿನ ಹಿಂದೆ ಮಗುವನ್ನು ಕೂರಿಸಿಕೊಂಡು ಹೋಗುವವರು. ನಟ್ಟು ಸಡಿಲಿಸಿದಾಗ ದೋಷ ಮಾಯವಾಗಲಿಲ್ಲ, ಟ್ರ್ಯಾಕ್ಟರಿನಿಂದ ಇಳಿದು ಇವರ ಹೆಗಲೇರಿತು. ಹಿಡಿದುಕೊಂಡ ಬ್ರೇಕು ಮಾಲೀಕನ ಡೀಸೆಲ್ ಸುಡುತ್ತದೆ. ಸಡಿಲಿಸಿದ ಬ್ರೇಕಿಗೆ ತೆರಬೇಕಾದವರು ಬೇರೆ ಯಾರೋ. ಆದ್ದರಿಂದಲೇ ಮೊದಲನೆಯದು ತೊಂದರೆ ಎನ್ನಿಸುತ್ತದೆ, ಎರಡನೆಯದು ಪರಿಹಾರ ಎನ್ನಿಸುತ್ತದೆ.

ಹೊಲ ಹೋಯಿತು, ಟ್ರ್ಯಾಕ್ಟರು ಉಳಿಯಿತು

ಮುಂಬಯಿ ಮಹಾನಗರದ ಅಂಚಿನಲ್ಲಿ ಇಷ್ಟೊಂದು ಟ್ರ್ಯಾಕ್ಟರುಗಳಿಗೆ ಏನು ಕೆಲಸ ಎಂದು ಬೆಂಗಳೂರಿನಲ್ಲೋ ದೆಹಲಿಯಲ್ಲೋ ಕೂತವರಿಗೆ ಅನ್ನಿಸಬಹುದು. ಠಾಣೆ ಜಿಲ್ಲೆ ಮೂಲತಃ ಭತ್ತದ ಸೀಮೆ. ಮುರ್ಬಾಡ್, ಶಹಾಪುರ, ಭಿವಂಡಿ ತಾಲೂಕುಗಳಲ್ಲಿ ಇವತ್ತಿಗೂ ಮಳೆಗಾಲ ಬಂತೆಂದರೆ ಗದ್ದೆ ಕಲಸುವ ಕೆಲಸ ಶುರು. ಖಾಡಿಯ ಬದಿಯ ಉಪ್ಪು ನೆಲಗಳಲ್ಲೂ ಒಂದು ಕಾಲಕ್ಕೆ ಭತ್ತ ಬೆಳೆಯುತ್ತಿತ್ತು. 1970ರಲ್ಲಿ ಸಿಡ್ಕೊ ಹುಟ್ಟಿ, ನವಿ ಮುಂಬಯಿಗಾಗಿ 95 ಹಳ್ಳಿಗಳ ಜಮೀನು ಸ್ವಾಧೀನಕ್ಕೆ ಹೋಯಿತು. ಕಲ್ಯಾಣ–ಡೊಂಬಿವಲಿಯ ಬದಿಯಲ್ಲಿ '27 ಹಳ್ಳಿ' ಎಂದೇ ಕರೆಯುವ ಊರುಗಳು ಕಟ್ಟಡಗಳ ನಡುವೆ ಕರಗುತ್ತ ಬಂದವು. ಉಳುವ ನೆಲ ಕಡಿಮೆಯಾದ ಮೇಲೆ ಟ್ರ್ಯಾಕ್ಟರಿಗೆ ಹೊಸ ಕೆಲಸಗಳು ಸಿಕ್ಕವು: ನೀರಿನ ಟ್ಯಾಂಕರ್ ಎಳೆಯುವುದು, ಇಟ್ಟಿಗೆ–ಮರಳು ಸಾಗಿಸುವುದು, ಕೆಡವಿದ ಕಟ್ಟಡದ ಮಣ್ಣು ಹೊರುವುದು.

ಟ್ರ್ಯಾಕ್ಟರು ಈ ಸೀಮೆಗೆ ಹೊರಗಿನದೂ ಅಲ್ಲ. ಮಹೀಂದ್ರ ಕಂಪನಿ ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ ಸೇರಿ 1963ರಲ್ಲಿ ಕಟ್ಟಿದ ಟ್ರ್ಯಾಕ್ಟರ್ ಕಾರ್ಖಾನೆ ಇದ್ದದ್ದು ಕಾಂದಿವಲಿಯಲ್ಲಿ, ಅಂದರೆ ಠಾಣೆಯಿಂದ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡು ದಾಟಿದರೆ ಸಿಗುವ ಊರು. ಬಿ–275 ಎಂಬ ಹೆಸರಿನ ಟ್ರ್ಯಾಕ್ಟರು ಅಲ್ಲಿಂದ ದೇಶದ ತುಂಬ ಹೋಯಿತು. ಅದೂ ಅದರ ವಾರಗೆಯ ಬೇರೆ ಕಂಪನಿಗಳ ಯಂತ್ರಗಳೂ ಹತ್ತಾರು ವರ್ಷ ದುಡಿಯುವಂಥವು. ಎಂಜಿನ್ ಎರಡು ಸಲ ಬಿಚ್ಚಿ ಕಟ್ಟಿದ, ಬಣ್ಣ ಯಾವುದೆಂದು ಗುರುತು ಹಿಡಿಯಲಾಗದ ಟ್ರ್ಯಾಕ್ಟರು ಈಗಲೂ ಐದು ಸಾವಿರ ಲೀಟರ್ ನೀರು ಎಳೆಯುತ್ತದೆ. ಎಳೆಯುವ ಶಕ್ತಿ ಅದಕ್ಕೆ ಧಾರಾಳ ಇದೆ. ಪ್ರಶ್ನೆ ನಿಲ್ಲಿಸುವ ಶಕ್ತಿಯದು.

ಕಾನೂನಿನ ಒಂದು ಸಂದಿಯೂ ಇಲ್ಲಿ ಸೇರಿಕೊಂಡಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕೃಷಿ ಟ್ರ್ಯಾಕ್ಟರು ಸಾರಿಗೆಯೇತರ ವಾಹನ. ಲಾರಿ, ಟೆಂಪೊ, ಟ್ಯಾಕ್ಸಿಗಳು ನಿಗದಿತ ಅವಧಿಗೊಮ್ಮೆ ಆರ್‌ಟಿಒ ಮುಂದೆ ನಿಂತು ಫಿಟ್‌ನೆಸ್ ಪ್ರಮಾಣಪತ್ರ ಪಡೆಯಬೇಕು. ಕೃಷಿ ಟ್ರ್ಯಾಕ್ಟರಿಗೆ ಆ ಹಂಗಿಲ್ಲ. ಅದರ ನೋಂದಣಿ 15 ವರ್ಷಕ್ಕೆ ಸಿಂಧು. ರೈತನಿಗೆ ತೊಂದರೆಯಾಗದಿರಲಿ ಎಂದು ಕೊಟ್ಟ ಈ ಸವಲತ್ತು ನ್ಯಾಯವಾದದ್ದೇ, ಟ್ರ್ಯಾಕ್ಟರು ಹೊಲದಲ್ಲಿ ಇರುವ ತನಕ. ಅದೇ ಟ್ರ್ಯಾಕ್ಟರು ಬಾಡಿಗೆ ಟ್ಯಾಂಕರ್ ಕಟ್ಟಿಕೊಂಡು ಊರೊಳಗೆ ಬಂದಾಗ ಅದು ಮಾಡುವುದು ಲಾರಿಯ ಕೆಲಸ, ತೋರಿಸುವುದು ರೈತನ ಕಾಗದ. 14 ವರ್ಷ ಒಬ್ಬ ಅಧಿಕಾರಿಯೂ ಅದರ ಬ್ರೇಕಿನ ಪೆಡಲಿನ ಮೇಲೆ ಕಾಲಿಟ್ಟಿರದಿದ್ದರೆ ಆಶ್ಚರ್ಯವಿಲ್ಲ.

ಬ್ರೇಕು ಯಾಕೆ ಹಿಡಿಯುತ್ತದೆ

ಟ್ರ್ಯಾಕ್ಟರಿನ ಬ್ರೇಕು ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ಅದರಲ್ಲೂ ಎಡಕ್ಕೊಂದು, ಬಲಕ್ಕೊಂದು ಪೆಡಲು. ಹೊಲದ ಬದುವಿನಲ್ಲಿ ಸಣ್ಣ ಜಾಗದಲ್ಲಿ ತಿರುಗಲು ಒಳಬದಿಯ ಬ್ರೇಕನ್ನಷ್ಟೇ ಒತ್ತುವ ಅನುಕೂಲಕ್ಕಾಗಿ ಈ ವ್ಯವಸ್ಥೆ. ರಸ್ತೆಗೆ ಬಂದಾಗ ಎರಡು ಪೆಡಲುಗಳನ್ನೂ ಒಂದು ಕೊಕ್ಕೆಯಿಂದ ಜೋಡಿಸಬೇಕು, ಒಂದೇ ಒತ್ತಿಗೆ ಎರಡೂ ಬದಿ ಸಮನಾಗಿ ಹಿಡಿಯಬೇಕು. ಹೊಲದಲ್ಲಿ ಯಾವಾಗಲೂ ಒಂದೇ ಕಡೆ ತಿರುಗಿಸುವ ರೂಢಿಯಿದ್ದರೆ ಆ ಬದಿಯ ಲೈನಿಂಗ್ ಬೇಗ ಸವೆಯುತ್ತದೆ. ಅಂದರೆ ಹೊಲದಿಂದ ರಸ್ತೆಗೆ ಇಳಿಯುವ ದಿನವೇ ಎರಡು ಬ್ರೇಕುಗಳ ನಡುವೆ ವ್ಯತ್ಯಾಸ ಇದ್ದೇ ಇರುತ್ತದೆ.

ಹಳೆಯ ಭಾರತೀಯ ಟ್ರ್ಯಾಕ್ಟರುಗಳಲ್ಲಿ ಬಿ–275ರಂಥವಕ್ಕೆ ಒಣ ಡಿಸ್ಕ್ ಬ್ರೇಕು. ಅದರ ಒಳಗೆ ಎರಡು ಉಕ್ಕಿನ ತಟ್ಟೆಗಳು ಬೆನ್ನಿಗೆ ಬೆನ್ನು ಹಚ್ಚಿ ನಿಂತಿರುತ್ತವೆ. ಅವುಗಳ ಮಧ್ಯೆ ಇಳಿಜಾರಾದ ಗುಳಿಗಳು, ಗುಳಿಗಳಲ್ಲಿ ಉಕ್ಕಿನ ಗುಂಡುಗಳು. ಪೆಡಲು ಒತ್ತಿದಾಗ ರಾಡು ಎಳೆಯುತ್ತದೆ, ತಟ್ಟೆಗಳು ಒಂದರಿಂದ ಒಂದು ತುಸು ತಿರುಗುತ್ತವೆ, ಗುಂಡುಗಳು ಗುಳಿಯ ಏರನ್ನು ಹತ್ತುತ್ತವೆ, ತಟ್ಟೆಗಳು ಅಗಲುತ್ತವೆ. ಅಗಲಿದ ತಟ್ಟೆಗಳು ಎರಡೂ ಬದಿಯ ಲೈನಿಂಗ್ ಡಿಸ್ಕುಗಳನ್ನು ಹೌಸಿಂಗಿನ ಗೋಡೆಗೆ ಒತ್ತುತ್ತವೆ. ಪೆಡಲು ಬಿಟ್ಟಾಗ ಸ್ಪ್ರಿಂಗುಗಳು ತಟ್ಟೆಗಳನ್ನು ಮತ್ತೆ ಒಟ್ಟಿಗೆ ಎಳೆದುಕೊಳ್ಳಬೇಕು. ಈ ಮರಳಿ ಬರುವ ಹಾದಿಯಲ್ಲಿ ಎಲ್ಲಿ ಅಡ್ಡಿಯಾದರೂ ಬ್ರೇಕು ಹಿಡಿದುಕೊಂಡೇ ಉಳಿಯುತ್ತದೆ.

ಅಡ್ಡಿಗಳು ಬೇಕಾದಷ್ಟು. ಠಾಣೆ ಸೀಮೆಯಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗದ್ದೆ ಕಲಸುವಾಗ ಕೆಸರುನೀರು ಒಳಗೆ ಸೇರುತ್ತದೆ. ಖಾಡಿಯ ಗಾಳಿಯಲ್ಲಿ ಉಪ್ಪಿದೆ. ಮಳೆಗಾಲ ಮುಗಿದ ಮೇಲೆ ತಿಂಗಳುಗಟ್ಟಲೆ ಅಂಗಳದಲ್ಲಿ ನಿಂತರೆ ಗುಳಿಗಳಲ್ಲಿ ತುಕ್ಕು, ಲೈನಿಂಗಿನ ಪುಡಿಯ ಗಟ್ಟಿ ಪದರ. ಗುಂಡು ಏರಿದ ಜಾಗದಲ್ಲೇ ಕೂರುತ್ತದೆ. ಸ್ಪ್ರಿಂಗು ಸೋತಿದ್ದರೆ ಅದನ್ನು ಎಳೆದು ಇಳಿಸಲಾರದು. ಡಿಸ್ಕು ಜಾರಬೇಕಾದ ಶಾಫ್ಟಿನ ಹಲ್ಲುಗಳಲ್ಲಿ ಗೀರು ಬಿದ್ದಿದ್ದರೆ ಡಿಸ್ಕು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ಗುಣ ನೆನಪಿನಲ್ಲಿರಬೇಕು: ಈ ಮಾದರಿಯ ಬ್ರೇಕು ಚಕ್ರದ ತಿರುಗುವಿಕೆಯಿಂದಲೇ ಇನ್ನಷ್ಟು ಬಿಗಿಯಾಗುವಂತೆ ಕಟ್ಟಿದ್ದು. ಕಡಿಮೆ ಒತ್ತಿಗೆ ಹೆಚ್ಚು ಹಿಡಿತ ಸಿಗಲೆಂದು ಮಾಡಿದ ಈ ಜಾಣತನವೇ ತುಕ್ಕು ಹಿಡಿದಾಗ ತಿರುಗುಬಾಣ. ಸ್ವಲ್ಪ ಸಿಕ್ಕಿಕೊಂಡದ್ದು ಪೂರ್ತಿ ಕಚ್ಚಿಕೊಳ್ಳುತ್ತದೆ.

ಪತ್ತೆ ಮಾಡುವ ಕ್ರಮ

ಇಷ್ಟು ತಿಳಿದ ಮೇಲೆ ದೋಷ ಹುಡುಕುವುದು ಬ್ರಹ್ಮವಿದ್ಯೆಯಲ್ಲ. ಯಾವ ಬದಿ ಎಂಬುದು ಮೊದಲ ಪ್ರಶ್ನೆ. ಬ್ರೇಕ್ ಮುಟ್ಟದೆ ಒಂದೆರಡು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಹಿಡಿದಿರುವ ಬದಿಯ ಹೌಸಿಂಗ್ ಕಾದಿರುತ್ತದೆ. ಕೈಯಿಟ್ಟು ಸುಟ್ಟುಕೊಳ್ಳಬೇಕಿಲ್ಲ, ಹತ್ತಿರ ಹಿಡಿದರೇ ಗೊತ್ತಾಗುತ್ತದೆ. ಆಮೇಲೆ ಸಮತಟ್ಟಾದ ಗಟ್ಟಿ ನೆಲದಲ್ಲಿ ಟ್ರಾಲಿ ಕಳಚಿ, ಎಂಜಿನ್ ಆರಿಸಿ, ಉಳಿದ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಆ ಬದಿಯ ಹಿಂಚಕ್ರವನ್ನು ಜ್ಯಾಕಿನಿಂದ ಎತ್ತಿ, ಕೆಳಗೆ ಗಟ್ಟಿ ಮರದ ದಿಮ್ಮಿಯ ಆಸರೆ ಕೊಡಬೇಕು. ಬರೀ ಜ್ಯಾಕನ್ನು ನಂಬಿ ಯಾರೂ ಕೆಳಗೆ ತೂರಬಾರದು. ಗೇರು ನ್ಯೂಟ್ರಲ್ಲಿಗೆ ತಂದು ಚಕ್ರವನ್ನು ಕೈಯಿಂದ ತಿರುಗಿಸಿ, ಇನ್ನೊಂದು ಬದಿಯ ಚಕ್ರದೊಂದಿಗೆ ಹೋಲಿಸಿದರೆ ಅನುಮಾನ ಉಳಿಯುವುದಿಲ್ಲ.

ದೋಷ ಹೊರಗೋ ಒಳಗೋ ಎಂಬುದು ಎರಡನೆಯ ಪ್ರಶ್ನೆ. ಇದಕ್ಕೆ ಉತ್ತರ ಪೆಡಲೇ ಹೇಳುತ್ತದೆ. ಒತ್ತಿ ಬಿಟ್ಟಾಗ ಪೆಡಲು ಮೇಲೆ ಬರದೆ ಅಲ್ಲೇ ಉಳಿದರೆ ದೋಷ ಹೊರಗಿನದು: ಪೆಡಲಿನ ಶಾಫ್ಟು ಒಣಗಿದೆ, ಗ್ರೀಸ್ ನಿಪ್ಪಲ್ಲಿನ ಬಾಯಿ ಮಣ್ಣಿನಿಂದ ಮುಚ್ಚಿದೆ, ರಾಡಿನ ಪಿನ್ನು ತುಕ್ಕಿನಿಂದ ಸೆಟೆದಿದೆ, ರಿಟರ್ನ್ ಸ್ಪ್ರಿಂಗು ತುಂಡಾಗಿದೆ, ಇಲ್ಲವೇ ಪಾರ್ಕಿಂಗ್ ಬ್ರೇಕಿನ ಹಲ್ಲು ಪೂರ್ತಿ ಬಿಟ್ಟಿಲ್ಲ. ಇವೆಲ್ಲ ಅರ್ಧ ದಿನದ ಕೆಲಸ, ಖರ್ಚು ಬಹುತೇಕ ಗ್ರೀಸಿನದು. ಪೆಡಲಿಗೆ ಇರಬೇಕಾದ ಸಡಿಲ ಆಟವೇ ಇಲ್ಲದಂತೆ ಬಿಗಿ ಮಾಡಿದ್ದರೂ ಬ್ರೇಕು ಹಿಡಿಯುತ್ತದೆ, ಕಾದು ಹಿಗ್ಗಿದಷ್ಟೂ ಇನ್ನಷ್ಟು ಹಿಡಿಯುತ್ತದೆ. ಈ ಒಂದು ಸಂದರ್ಭದಲ್ಲಿ ಮಾತ್ರ ನಟ್ಟು ಬಿಡುವುದು ಸರಿಯಾದ ಚಿಕಿತ್ಸೆ. ಅದೂ ಆ ಮಾದರಿಯ ಕೈಪಿಡಿ ಹೇಳಿದ ಅಳತೆಗೆ, ಎರಡೂ ಬದಿ ಸಮನಾಗಿ.

ಪೆಡಲು ಸರಿಯಾಗಿ ಮೇಲೆ ಬಂದೂ ಚಕ್ರ ಬಿಗಿಯಾಗಿದ್ದರೆ ದೋಷ ಒಳಗಿದೆ. ಟ್ರ್ಯಾಕ್ಟರನ್ನು ತುಸು ಹಿಂದಕ್ಕೆ ಉರುಳಿಸಿದಾಗ ಬ್ರೇಕು ಬಿಟ್ಟುಕೊಂಡರೆ ಗುಂಡು–ಗುಳಿಗಳ ಮೇಲೆ ಅನುಮಾನ ಪಡಬೇಕು. ಹೌಸಿಂಗ್ ತೆರೆಯದೆ ಬೇರೆ ದಾರಿಯಿಲ್ಲ. ತೆರೆದಾಗ ಮೊದಲು ಆಗಬೇಕಾದ ಎಚ್ಚರ ಉಸಿರಿನದು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುವುದು ಸಾಮಾನ್ಯ. ಏರ್ ಪೈಪ್ ಹಿಡಿದು ಪುಡಿ ಹಾರಿಸುವ ಅಭ್ಯಾಸ ಶ್ವಾಸಕೋಶಕ್ಕೆ ವಿಷ ಹಾಕಿದಂತೆ. ಒದ್ದೆ ಬಟ್ಟೆಯಿಂದ ಒರೆಸಬೇಕು. ಗುಳಿಯಲ್ಲಿ ಬರೀ ತುಕ್ಕಿದ್ದರೆ ಉಜ್ಜಿ ತೆಗೆಯಬಹುದು. ಗುಂಡು ಕೊರೆದ ಹಳ್ಳ ಬಿದ್ದಿದ್ದರೆ ತಟ್ಟೆಯನ್ನೇ ಬದಲಾಯಿಸಬೇಕು, ಇಲ್ಲದಿದ್ದರೆ ಗುಂಡು ಮತ್ತೆ ಆ ಹಳ್ಳಕ್ಕೇ ಬಿದ್ದು ಸಿಕ್ಕಿಕೊಳ್ಳುತ್ತದೆ. ಸ್ಪ್ರಿಂಗುಗಳನ್ನು ಎರಡೂ ಬದಿಗೆ ಒಟ್ಟಿಗೇ ಹೊಸದು ಹಾಕಬೇಕು. ಲೈನಿಂಗಿಗೆ ಎಣ್ಣೆ ತಾಗಿದ್ದರೆ ಪೆಟ್ರೋಲಿನಲ್ಲಿ ತೊಳೆದು ಒಣಗಿಸಿ ಮತ್ತೆ ಕೂರಿಸುವುದು ಮೋಸ. ಎಣ್ಣೆ ಒಳಗಿಳಿದಿರುತ್ತದೆ, ಬ್ರೇಕು ಒಮ್ಮೆ ಜಾರುತ್ತದೆ, ಒಮ್ಮೆ ಕಚ್ಚುತ್ತದೆ. ಡಿಸ್ಕನ್ನೂ ಬದಲಾಯಿಸಬೇಕು, ಎಣ್ಣೆ ಬಿಟ್ಟ ಆಯಿಲ್ ಸೀಲನ್ನೂ ಬದಲಾಯಿಸಬೇಕು.

ಡ್ರಮ್ ಬ್ರೇಕಿನ ಟ್ರ್ಯಾಕ್ಟರುಗಳಲ್ಲಿ ಇದೇ ಕಥೆ, ಪಾತ್ರಗಳ ಹೆಸರು ಬೇರೆ. ಶೂ ಅಗಲಿಸುವ ಕ್ಯಾಮು ತುಕ್ಕು ಹಿಡಿದಿರುತ್ತದೆ, ಶೂ ಎಳೆಯುವ ಸ್ಪ್ರಿಂಗು ಸೋತಿರುತ್ತದೆ, ಮಳೆಗಾಲದಲ್ಲಿ ನಿಂತ ಟ್ರ್ಯಾಕ್ಟರಿನ ಲೈನಿಂಗು ಡ್ರಮ್ಮಿಗೆ ಅಂಟಿರುತ್ತದೆ. ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಬ್ರೇಕಿಗೆ ಒಂದು ಸುಲಭ ಪರೀಕ್ಷೆಯಿದೆ. ಗಾಳಿ ತೆಗೆಯುವ ಬ್ಲೀಡರ್ ಸ್ಕ್ರೂವನ್ನು ತುಸು ತೆರೆದಾಗ ಚಕ್ರ ಬಿಟ್ಟುಕೊಂಡರೆ ಒತ್ತಡ ಮೇಲೆಲ್ಲೋ ಸಿಕ್ಕಿಕೊಂಡಿದೆ ಎಂದರ್ಥ. ಬಿಟ್ಟುಕೊಳ್ಳದಿದ್ದರೆ ದೋಷ ಚಕ್ರದ ಬದಿಯದು.

ಎಲ್ಲ ಮುಗಿದ ಮೇಲೆ ಒಂದು ಪರೀಕ್ಷೆ ಕಡ್ಡಾಯ. ಖಾಲಿ ಮೈದಾನದಲ್ಲಿ, ಟ್ರಾಲಿ ಇಲ್ಲದೆ, ಪೆಡಲುಗಳನ್ನು ಕೊಕ್ಕೆಯಿಂದ ಜೋಡಿಸಿ, ನಿಧಾನ ವೇಗದಲ್ಲಿ ಬ್ರೇಕ್ ಒತ್ತಬೇಕು. ಟ್ರ್ಯಾಕ್ಟರು ನೇರ ನಿಲ್ಲಬೇಕು. ನೆಲದ ಮೇಲಿನ ಎರಡು ಗುರುತುಗಳೂ ಸಮನಾಗಿರಬೇಕು. ಇದಕ್ಕೆ ಯಾವ ಯಂತ್ರವೂ ಬೇಡ, ಎರಡು ಕಣ್ಣು ಸಾಕು.

ನಟ್ಟು ಸಡಿಲಿಸಿದ ಮೇಲೆ ಏನಾಗುತ್ತದೆ

ಇದೆಲ್ಲದರ ಬದಲು ಹಿಡಿದ ಬದಿಯ ನಟ್ಟು ಬಿಟ್ಟಾಗ ಆಗುವುದನ್ನು ಲೆಕ್ಕ ಹಾಕಿ ನೋಡಬಹುದು. ಐದು ಸಾವಿರ ಲೀಟರ್ ನೀರು ಐದು ಟನ್. ಟ್ಯಾಂಕರಿನ ತೂಕ, ಟ್ರ್ಯಾಕ್ಟರಿನ ತೂಕ ಕೂಡಿಸಿ ಸುಮಾರು ಎಂಟು ಟನ್ ಎಂದಿಟ್ಟುಕೊಳ್ಳಲಿ. ರಸ್ತೆಯಲ್ಲಿ ಕಾಣುವ ಬಹುತೇಕ ಟ್ರಾಲಿ, ಟ್ಯಾಂಕರುಗಳಿಗೆ ಬ್ರೇಕೇ ಇರುವುದಿಲ್ಲ. ಆದ್ದರಿಂದ ಎಂಟು ಟನ್ನನ್ನೂ ನಿಲ್ಲಿಸಬೇಕಾದದ್ದು ಟ್ರ್ಯಾಕ್ಟರಿನ ಎರಡು ಹಿಂಚಕ್ರ. ಆ ಚಕ್ರಗಳ ಮೇಲೆ ಬೀಳುವ ಭಾರ ಎರಡು ಟನ್ ಎಂದೂ, ಒಣ ಡಾಂಬರಿನ ಘರ್ಷಣೆ 0.6 ಎಂದೂ ಹಿಡಿದರೆ, ಗಂಟೆಗೆ 25 ಕಿಲೋಮೀಟರ್ ವೇಗದಿಂದ ನಿಲ್ಲಲು ಸುಮಾರು 16 ಮೀಟರ್ ಬೇಕು. ಒಂದೇ ಬದಿಯ ಬ್ರೇಕು ಹಿಡಿದರೆ 33 ಮೀಟರ್. ಮಳೆಯಲ್ಲಿ ಘರ್ಷಣೆ 0.4ಕ್ಕೆ ಇಳಿದರೆ 49 ಮೀಟರ್. ಉದ್ದನೆಯ ನಾಲ್ಕು ಬಸ್ಸುಗಳನ್ನು ಒಂದರ ಹಿಂದೊಂದು ನಿಲ್ಲಿಸಿದಷ್ಟು ದೂರ. ಅಪಾಯ ಕಂಡು ಪೆಡಲಿಗೆ ಕಾಲಿಡುವ ಒಂದು ಸೆಕೆಂಡಿನಲ್ಲಿ ಹೋಗುವ ಏಳು ಮೀಟರ್ ಇದಕ್ಕೆ ಸೇರಿಲ್ಲ. ಇಳಿಜಾರೂ ಸೇರಿಲ್ಲ. ಮುಂಬ್ರಾ ಬೈಪಾಸಿನಲ್ಲೋ ಯಾವುದೋ ಮೇಲ್ಸೇತುವೆಯ ಇಳಿಯುವ ತುದಿಯಲ್ಲೋ ಈ ಅಂಕಿಗಳು ಇನ್ನೂ ಹಿಗ್ಗುತ್ತವೆ. ಅರ್ಧ ತುಂಬಿದ ಟ್ಯಾಂಕರಿನಲ್ಲಿ ಬ್ರೇಕ್ ಒತ್ತಿದೊಡನೆ ನೀರು ಮುಂದಕ್ಕೆ ನುಗ್ಗಿ ಕೊಡುವ ಒದೆತವೂ ಬೇರೆ.

ದೂರಕ್ಕಿಂತ ಕೆಟ್ಟದ್ದು ದಿಕ್ಕು. ಎಡ ಬ್ರೇಕು ಸಡಿಲಾಗಿ ಬಲ ಬ್ರೇಕು ಮಾತ್ರ ಹಿಡಿದರೆ ಟ್ರ್ಯಾಕ್ಟರು ಬಲಕ್ಕೆ ಎಳೆಯುತ್ತದೆ, ಅಂದರೆ ಎದುರಿನಿಂದ ಬರುವವರ ಮೇಲೆ. ಬಲ ಬ್ರೇಕು ಸಡಿಲಾಗಿದ್ದರೆ ಎಡಕ್ಕೆ, ಅಂದರೆ ನಡೆಯುವವರ ಮೇಲೆ. ಅದೇ ಹೊತ್ತಿಗೆ ಹಿಂದಿನ ಆರು ಟನ್ ನೇರ ನೂಕುತ್ತಿರುತ್ತದೆ. ಟ್ರ್ಯಾಕ್ಟರು ಅಡ್ಡ ತಿರುಗಿ, ಟ್ಯಾಂಕರು ಅದನ್ನು ಮಡಚಿ ಮಗುಚುವುದಕ್ಕೆ ಇಷ್ಟು ಸಾಕು. ನೋಡಿದವರು 'ಡ್ರೈವರ್ ಕಂಟ್ರೋಲ್ ತಪ್ಪಿತು' ಎನ್ನುತ್ತಾರೆ. ಕಂಟ್ರೋಲನ್ನು ಮೊದಲೇ ಸ್ಪ್ಯಾನರಿನಿಂದ ಬಿಚ್ಚಿಟ್ಟ ವಿಷಯ ಯಾರಿಗೂ ಕಾಣುವುದಿಲ್ಲ.

ಸಮಜಾಯಿಷಿಗಳು

'ಟ್ರ್ಯಾಕ್ಟರು ಓಡುವುದೇ 25ರಲ್ಲಿ, ಅದಕ್ಕೆಂಥ ಬ್ರೇಕು' ಎಂಬುದು ಮೊದಲ ಸಮಜಾಯಿಷಿ. ಮೇಲಿನ ಲೆಕ್ಕ 25ರದ್ದೇ.

'ಗೇರಿನಲ್ಲೇ ನಿಲ್ಲುತ್ತದೆ' ಎಂಬುದು ಎರಡನೆಯದು. ಗೇರು ವೇಗ ತಗ್ಗಿಸುತ್ತದೆ, ಎದುರು ಬಂದ ಮಗುವಿನ ಮುಂದೆ ನಿಲ್ಲಿಸುವುದಿಲ್ಲ. ಕ್ಲಚ್ಚು ಒತ್ತಿದ ಗಳಿಗೆಯಲ್ಲಿ ಎಂಜಿನ್ನಿನ ಹಿಡಿತವೂ ಹೋಯಿತು. ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಬಿಡುವ ಚಾಳಿ ಇರುವಲ್ಲಿ ಈ ಮಾತನ್ನು ಆಡುವುದೇ ತಮಾಷೆ.

ಮೂರನೆಯದು ಬಡತನದ್ದು, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಹಳೆಯ ಟ್ರ್ಯಾಕ್ಟರಿನ ಮಾಲೀಕರೆಲ್ಲ ಸಾಹುಕಾರರಲ್ಲ. ಜಮೀನು ಕಳೆದುಕೊಂಡ ಕುಟುಂಬಕ್ಕೆ ಆ ಟ್ರ್ಯಾಕ್ಟರೇ ಕೊನೆಯ ಆಸ್ತಿ ಆಗಿರಬಹುದು. ಎರಡು ದಿನ ನಿಂತರೆ ಎರಡು ದಿನದ ಗಂಜಿ ಹೋಯಿತು. ಆದರೆ ಈ ವಾದ ಮುಟ್ಟಬೇಕಾದವರು ರಸ್ತೆ ದಾಟುವವರಲ್ಲ, ಬಾಡಿಗೆ ಕೊಡುವವರು. ನೀರಿಗಾಗಿ ಫೋನ್ ಮಾಡುವ ಸೊಸೈಟಿಗಳು, ಮಣ್ಣು ಎತ್ತಿಸುವ ಬಿಲ್ಡರುಗಳು, ಗುತ್ತಿಗೆ ಕೊಡುವ ಪಾಲಿಕೆಗಳು ದರ ಕೇಳುವಾಗ ಅತಿ ಕಡಿಮೆ ಹೇಳಿದವನನ್ನೇ ಆರಿಸುತ್ತವೆ. ಅತಿ ಕಡಿಮೆ ದರ ಹೇಳಬಲ್ಲವನು ಬ್ರೇಕಿಗೆ ಖರ್ಚು ಮಾಡದವನು. ಲೈನಿಂಗ್ ಬದಲಾಯಿಸಿದ ಮಾಲೀಕ ಹೀಗೆ ಬಾಡಿಗೆಯಲ್ಲಿ ಸೋಲುತ್ತಾನೆ. ಉಳಿದವರೂ ಅವನನ್ನು ನೋಡಿ ಪಾಠ ಕಲಿಯುತ್ತಾರೆ, ತಪ್ಪು ಪಾಠ.

ನಾಲ್ಕನೆಯದು ಎಲ್ಲಕ್ಕಿಂತ ಹಳೆಯದು: 'ಚಾಲಕ ಹುಷಾರಾಗಿದ್ದರೆ ಏನೂ ಆಗುವುದಿಲ್ಲ.' ಈ ಚಾಲಕ ಯಾರು ಎಂದು ನೋಡಿದರೆ ಕನ್ನಡದ ಓದುಗರಿಗೆ ವಿಷಯ ಮನೆಯ ಹತ್ತಿರಕ್ಕೇ ಬರುತ್ತದೆ. ಠಾಣೆ, ನವಿ ಮುಂಬಯಿಯ ಕಟ್ಟಡ ಕೆಲಸಕ್ಕೆ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಕುಟುಂಬಗಳು ದಶಕಗಳಿಂದ ವಲಸೆ ಬರುತ್ತಿವೆ. ಊರಿನ ತೊಗರಿ ಹೊಲದಲ್ಲಿ ಟ್ರ್ಯಾಕ್ಟರ್ ಕಲಿತ ಹುಡುಗನಿಗೆ ಇಲ್ಲಿ ಕಲ್ಲು ಹೊರುವುದಕ್ಕಿಂತ ಸ್ಟಿಯರಿಂಗ್ ಹಿಡಿಯುವುದು ಮೇಲು ಅನ್ನಿಸಿದರೆ ಸಹಜ. ಹೊಲದಲ್ಲಿ ಕಲಿತವನಿಗೆ ಪೆಡಲುಗಳನ್ನು ಬಿಡಿಬಿಡಿಯಾಗಿ ಒತ್ತುವುದೇ ಅಭ್ಯಾಸ. ಕೊಕ್ಕೆ ಹಾಕಬೇಕೆಂದು ಹೇಳಿದವರಿಲ್ಲ. ಟ್ರ್ಯಾಕ್ಟರು ಅವನದಲ್ಲ, ನಟ್ಟು ಸಡಿಲಿಸಿದ್ದು ಅವನಲ್ಲ, 'ಬ್ರೇಕು ಸರಿಯಿಲ್ಲ ಯಜಮಾನ್ರೆ' ಎಂದರೆ ನಾಳೆ ಇನ್ನೊಬ್ಬ ಬರುತ್ತಾನೆ. ಅಪಘಾತವಾದಾಗ ಜನ ಹಿಡಿದು ಬಡಿಯುವುದು ಅವನನ್ನು. ನಿರ್ಲಕ್ಷ್ಯದಿಂದ ಸಾವು ತಂದ ಆರೋಪ, ಹಿಂದೆ ಭಾರತೀಯ ದಂಡ ಸಂಹಿತೆಯ 304ಎ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 106, ಬೀಳುವುದು ಅವನ ಮೇಲೆ. ಮರಾಠಿಯಲ್ಲಿ ಬರೆದ ಕಾಗದಕ್ಕೆ ಸಹಿ ಹಾಕುವವನೂ ಅವನೇ.

ಕಾನೂನು ಹಾಗೆ ಒಬ್ಬನ ಮೇಲೇ ಕೈ ತೋರಿಸುವುದಿಲ್ಲ. ಮೋಟಾರು ವಾಹನ ಕಾಯ್ದೆ, 1988ರ 190ನೇ ಕಲಮು ಅಪಾಯಕಾರಿ ದೋಷವಿರುವ ವಾಹನವನ್ನು ಓಡಿಸಿದವನನ್ನು ಹಿಡಿಯುವಂತೆ ಓಡಿಸಲು ಹಚ್ಚಿದವನನ್ನೂ, ಓಡಿಸಲು ಬಿಟ್ಟವನನ್ನೂ ಹಿಡಿಯುತ್ತದೆ. ದೋಷ ಗೊತ್ತಿರಲಿಲ್ಲ ಎಂಬ ನೆಪಕ್ಕೂ ಅಲ್ಲಿ ಬಾಗಿಲು ಮುಚ್ಚಿದೆ: ಸಾಮಾನ್ಯ ಎಚ್ಚರ ವಹಿಸಿದ್ದರೆ ತಿಳಿಯಬಹುದಾಗಿದ್ದ ದೋಷವಾದರೆ ಸಾಕು. ಕೈಯಾರೆ ನಟ್ಟು ಬಿಡಿಸಿದ ಮಾಲೀಕ ಈ ಮಾತಿನಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ. ಕೃಷಿಯ ಕಾಗದದ ಮೇಲೆ ಬಾಡಿಗೆ ಹೊಡೆದಿದ್ದರೆ ವಿಮಾ ಕಂಪನಿಯೂ ತಕರಾರು ತೆಗೆಯುತ್ತದೆ. ಕೊನೆಗೆ ಸತ್ತವನ ಮನೆಯವರು ಪರಿಹಾರಕ್ಕಾಗಿ ವರ್ಷಗಟ್ಟಲೆ ಅಲೆಯಬೇಕು. ಇಷ್ಟಿದ್ದೂ ತನಿಖೆ ಸಾಮಾನ್ಯವಾಗಿ ಸೀಟಿನಲ್ಲಿ ಕೂತವನ ಹತ್ತಿರ ಶುರುವಾಗಿ ಅಲ್ಲೇ ಮುಗಿಯುತ್ತದೆ.

ಯಂತ್ರದ ದೋಷವನ್ನು ಮನುಷ್ಯನ ಅಜಾಗರೂಕತೆ ಎಂದು ಕರೆಯುವ ಚಟ ಬರೀ ಇಲ್ಲಿಯದಲ್ಲ. ಟ್ರ್ಯಾಕ್ಟರು ಮಗುಚಿ ರೈತರು ಸಾಯುವುದು ಯುರೋಪಿನಲ್ಲೂ ಚಾಲಕನ ತಪ್ಪು ಎನ್ನಿಸಿಕೊಂಡಿತ್ತು. 1959ರಲ್ಲಿ ಸ್ವೀಡನ್ ಹೊಸ ಟ್ರ್ಯಾಕ್ಟರುಗಳಿಗೆಲ್ಲ ಮಗುಚಿದರೂ ಚಾಲಕನನ್ನು ಕಾಯುವ ಗಟ್ಟಿ ಚೌಕಟ್ಟನ್ನು ಕಡ್ಡಾಯ ಮಾಡಿತು. ಚಾಲಕರು ಹಿಂದಿನವರೇ ಇದ್ದರು, ಮಗುಚಿ ಸಾಯುವವರ ಸಂಖ್ಯೆ ಕ್ರಮೇಣ ಭಾರಿ ಇಳಿಯಿತು.

ಆಗಬೇಕಾದದ್ದು

ಠಾಣೆ, ಕಲ್ಯಾಣ–ಡೊಂಬಿವಲಿ, ನವಿ ಮುಂಬಯಿಯ ಪಾಲಿಕೆಗಳು ಟ್ರ್ಯಾಕ್ಟರ್ ಬಳಸುವ ಪ್ರತಿ ಗುತ್ತಿಗೆಗೆ ಬ್ರೇಕ್ ಪರೀಕ್ಷೆಯ ಷರತ್ತು ಹಾಕಬಹುದು. ಇದಕ್ಕೆ ದೆಹಲಿಯಿಂದ ಹೊಸ ಕಾಯ್ದೆ ಬರಬೇಕಿಲ್ಲ. ಮೈದಾನ, ಮೇಲೆ ಹೇಳಿದ ಪರೀಕ್ಷೆ, ನೋಡಿ ಸಹಿ ಹಾಕುವ ಒಬ್ಬ ಜವಾಬ್ದಾರ ಎಂಜಿನಿಯರ್ ಸಾಕು. ಮಳೆಗಾಲ ಮುಗಿದೊಡನೆ ಒಮ್ಮೆ, ಬೇಸಿಗೆಯ ಟ್ಯಾಂಕರ್ ಹಂಗಾಮು ಶುರುವಾಗುವ ಮುನ್ನ ಒಮ್ಮೆ. ಬಾಡಿಗೆಗೆ ಓಡುವ ಟ್ರ್ಯಾಕ್ಟರನ್ನು ಸಾರಿಗೆ ವಾಹನವಾಗಿ ನೋಂದಾಯಿಸುವಂತೆ ಆರ್‌ಟಿಒ ಒತ್ತಾಯಿಸಬೇಕು. ಜೊತೆಗೆ ನಿಜವಾಗಿ ಉಳುವವನ ಸವಲತ್ತಿಗೆ ಕೈ ಹಾಕಬಾರದು. ಟ್ಯಾಂಕರಿಗೆ ಅದರದೇ ಬ್ರೇಕು ಇರಬೇಕು. ಬ್ರೇಕು ಸರಿಯಿಲ್ಲ ಎಂದು ಟ್ರಿಪ್ ಬಿಟ್ಟ ಚಾಲಕನ ಆ ದಿನದ ಕೂಲಿ ಕಡಿಯಬಾರದು.

ಸೊಸೈಟಿಗಳ ಕೈಯಲ್ಲೂ ಅಧಿಕಾರವಿದೆ. ಡೊಂಬಿವಲಿ, ಠಾಣೆ, ವಾಶಿಯ ಎಷ್ಟೋ ಸೊಸೈಟಿಗಳ ಸಮಿತಿಯಲ್ಲಿ ಕನ್ನಡಿಗರೂ ಕೂತಿರುತ್ತಾರೆ. ನೀರು ಶುದ್ಧವೇ ಎಂದು ಕೇಳುವ ಸಮಿತಿ, ಅದನ್ನು ತಂದ ಗಾಡಿ ನಿಲ್ಲುತ್ತದೆಯೇ ಎಂದೂ ಕೇಳಬಹುದು. ಗೇಟಿನ ಒಳಗೆ ಆಡುತ್ತಿರುವವು ಅವರದೇ ಮಕ್ಕಳು.

ಮಂಡ್ಯದಲ್ಲಿ, ಬೆಳಗಾವಿಯಲ್ಲಿ, ಬಾಗಲಕೋಟೆಯಲ್ಲಿ ಕಬ್ಬಿನ ಹಂಗಾಮು ಬಂದಾಗ ಒಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರಾಲಿ ಕಟ್ಟಿ ರಾತ್ರಿ ರಸ್ತೆಗೆ ಬಿಡುವುದನ್ನು ಕಂಡವರಿಗೆ ಈ ಮಾತುಗಳಲ್ಲಿ ಯಾವುದೂ ಪರಊರಿನದು ಅನ್ನಿಸಲಾರದು. ಅಲ್ಲಿಯೂ ನಟ್ಟು ಅದೇ, ಸ್ಪ್ಯಾನರು ಅದೇ. ಬ್ರೇಕು ಹಿಡಿದುಕೊಂಡ ದಿನ ಟ್ರ್ಯಾಕ್ಟರು ನಿಲ್ಲಬೇಕಾದದ್ದು ಅಂಗಳದಲ್ಲಿ, ಹೌಸಿಂಗ್ ತೆರೆದು, ಎರಡೂ ಬದಿ ಸರಿಯಾಗುವ ತನಕ. ಆ ಎರಡು ದಿನದ ಬಾಡಿಗೆ ಯಾರು ತುಂಬಬೇಕು ಎಂಬ ಬಗ್ಗೆ ಮಾಲೀಕ, ಗುತ್ತಿಗೆದಾರ, ಪಾಲಿಕೆ ಕೂತು ಜಗಳವಾಡಲಿ. ಜಗಳ ಮುಗಿಯುವ ತನಕ ಟ್ರ್ಯಾಕ್ಟರು ರಸ್ತೆಗೆ ಬರುವುದು ಬೇಡ.